ಕೆನ್ನೆರಾಯನ ಕಾಲು

ಸಂಜೆ ದೇವರ ಮುಂದೆ ಕಣ್ಣು ಮುಚ್ಚಿ ಕುಳಿತರೆ ಅಜ್ಜಿಗೆ ಮೊದಲು ದೇವರು ಕಾಣಿಸುತ್ತಿದ್ದ. ಅವನ ಬೆನ್ನಿಗೇ, ತೀರಿಹೋದ ಗಂಡ ಬರುತ್ತಿದ್ದರು. ಅವರು ಹೋದ ಮೇಲೆ ಅವಳಿಗೆ ಉಳಿದಿದ್ದ ಭೇಟಿಯೆಂದರೆ ಅದೊಂದೇ. ದೇವರಿಗೂ ಇದು ಗೊತ್ತಿದ್ದಿರಬೇಕು. ಬೇಗ ಬೇಗನೆ ಮುಖ ತೋರಿಸಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ.

ಆದರೆ ಮನೆಯಲ್ಲಿ ಸಿನಿಮಾದ ಚಿತ್ರೀಕರಣ ಶುರುವಾದಂದಿನಿಂದ ಗಂಡ ಬರಬೇಕಾದ ಜಾಗದಲ್ಲಿ ಇನ್ಯಾರೋ ಬರತೊಡಗಿದ. ಎಡಗೆನ್ನೆಗೆ ಕೈ ಒತ್ತಿಕೊಂಡು, ಹುಬ್ಬು ಗಂಟಿಕ್ಕಿಕೊಂಡು, ಎಲ್ಲೋ ದೂರದಲ್ಲಿ ಎಮ್ಮೆ ಕಳೆದುಕೊಂಡವನ ಹಾಗೆ ನೋಡುತ್ತ ನಿಂತುಬಿಡುತ್ತಿದ್ದ. ಅಜ್ಜಿ ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ಕಣ್ಣು ಮುಚ್ಚಿದರೂ ಅವನೇ.

ಅವನು ಅವಳ ಗಂಡನ ಪಾತ್ರ ಮಾಡುತ್ತಿದ್ದ ನಟ. ಗಂಡ ದೊಡ್ಡ ಲೇಖಕರು. ಅವರ ಕಾದಂಬರಿಗಳನ್ನು ಓದದವರೂ ಓದಿದ್ದೇವೆಂದು ಹೇಳಿಕೊಳ್ಳುವಷ್ಟು ದೊಡ್ಡವರು. ಅವರ ಜೀವನದ ಮೇಲೆ ಸಿನಿಮಾ ಎಂದಾಗ ಮಗಳು ಹಿಗ್ಗಿ ಮನೆಯನ್ನೇ ಬಿಟ್ಟುಕೊಟ್ಟಿದ್ದಳು. ನಟ ಪಾಪ ಒಳ್ಳೆಯ ಮನುಷ್ಯ. ಅಜ್ಜಿ ಮಾತ್ರ ಮನಸ್ಸಿನಲ್ಲೇ ಅವನಿಗೆ ಕೆನ್ನೆರಾಯ ಎಂದು ಹೆಸರಿಟ್ಟಿದ್ದಳು.

ಚಿತ್ರೀಕರಣದ ಕೊನೆಯ ದಿನ ಬೆಳಿಗ್ಗೆ ಕೆನ್ನೆರಾಯ ಅಡುಗೆಮನೆಗೆ ಬಂದು, ಬಲಗೈಯಲ್ಲಿ ಚಹಾ ಲೋಟ ಹಿಡಿದು, ಎಡಗೈ ಕೆನ್ನೆಯ ಮೇಲೆಯೇ ಇಟ್ಟುಕೊಂಡು ಕೇಳಿದ:

"ಅಮ್ಮಾ, ನಿಜ ಹೇಳಿ. ನನ್ನ ನೋಡಿದ್ರೆ ಯಜಮಾನ್ರನ್ನೇ ನೋಡಿದ ಹಾಗೆ ಆಗುತ್ತಾ?"

ಅಜ್ಜಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಆ ಕೈ ಒಂದು ಕೆಳಗಿಳಿಸಪ್ಪ" ಎಂದಳು.

"ಅದ್ಯಾಕಮ್ಮ? ಅವರು ಮಾತಾಡೋ ಸಂದರ್ಶನದ ಫಿಲ್ಮ್ ಅಂತ ಉಳಿದಿರೋದು ಒಂದೇ. ಅದರಲ್ಲಿ ಉದ್ದಕ್ಕೂ ಕೆನ್ನೆ ಮೇಲೆ ಕೈ. ಪುಸ್ತಕದ ಹಿಂದೆಲ್ಲಾ ಅದೇ ಫೋಟೋ. ನಾನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದೀನಿ. ಈಗ ಮುಖ ತೊಳೆಯೋದೂ ಒಂದೇ ಕೈಲಿ!"

"ಅವತ್ತು ಅವರಿಗೆ ಹಲ್ಲುನೋವು ಕಣಪ್ಪ."

ಕೆನ್ನೆರಾಯನ ಚಹಾ ಗಂಟಲಲ್ಲೇ ನಿಂತಿತು.

"ದವಡೆ ಹಲ್ಲು. ಬಾಯಲ್ಲಿ ಲವಂಗದೆಣ್ಣೆ ಹತ್ತಿ ಇಟ್ಕೊಂಡೇ ಮಾತಾಡಿದ್ರು. ಮಾರನೇ ದಿನ ಕೀಳಿಸಿಕೊಂಡು ಬಂದ್ರು. ಆಮೇಲೆ ಸಾಯೋವರೆಗೂ ಕೆನ್ನೆ ಮುಟ್ಟಿಕೊಂಡಿದ್ದು ನಾನು ನೋಡಿಲ್ಲ."

"ಅಯ್ಯೋ ದೇವರೇ! ಮದುವೆ ದೃಶ್ಯದಲ್ಲೂ ಕೈ ಹಾಗೇ ಇಟ್ಕೊಂಡಿದೀನಲ್ಲಮ್ಮ!"

"ನೋಡ್ದೆ. ಹುಡುಗಿ ಕೊಡೋವ್ರು ಹೇಗೆ ಒಪ್ಪಿದ್ರೋ ಅಂದ್ಕೊಂಡೆ."

ಅವನ ಮುಖ ಬಾಡಿದ್ದು ನೋಡಿ ಅಜ್ಜಿಗೆ ಕನಿಕರವಾಯಿತು. ಸ್ಟೂಲು ಎಳೆದು ಕೂರಿಸಿದಳು. "ನಿನ್ನ ತಪ್ಪಲ್ಲ. ಆದ್ರೆ ಈಗ ನಾನು ಕಣ್ಣು ಮುಚ್ಚಿದ್ರೂ ನೀನೇ ಬಂದು ನಿಲ್ತೀಯ. ಅವರು ಬರೋದೇ ಇಲ್ಲ. ನನ್ನ ಗಂಡನ್ನ ನನಗೆ ವಾಪಸ್ ಕೊಡಪ್ಪ."

"ಮತ್ತೆ ಅವರು ಹೇಗಿದ್ರಮ್ಮ?"

"ಒಂದು ಕಾಲು ಮಡಿಸಿ, ಅದರ ಮೇಲೇ ಕೂತು ಬರೀತಿದ್ರು. ಏಳೋ ಹೊತ್ತಿಗೆ ಕಾಲು ಜೋಮು ಹಿಡಿದು ಮರದ ತುಂಡು. ಒಂಟಿ ಕಾಲಲ್ಲಿ ಕೋಣೆಯೆಲ್ಲಾ ಕುಪ್ಪಳಿಸ್ತಾ, 'ಇವಳೇ, ನನ್ನ ಕಾಲೆಲ್ಲೇ?' ಅಂತ ಬೀದಿಗೆ ಕೇಳೋ ಹಾಗೆ ಕೂಗೋರು. ನಾನು ಹೋಗಿ ಅಂಗಾಲಿಗೆ ಎರಡು ಬಾರಿಸ್ತಿದ್ದೆ. 'ಹಾಂ, ಸಿಕ್ತು' ಅನ್ನೋರು. ದಿನಾ ಇದೇ ಗೋಳು."

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ನಿರ್ದೇಶಕನಿಗೆ ದಿಗಿಲಾಯಿತು. "ಅಮ್ಮಾ, ಇವತ್ತು ಮಹಾಕಾದಂಬರಿ ಮುಗಿಸೋ ದೃಶ್ಯ. ಅಂಥಾ ಹೊತ್ತಲ್ಲಿ ಯಾರಾದ್ರೂ ಕುಪ್ಪಳಿಸ್ತಾರಾ?"

"ಅವತ್ತು ಎರಡೂ ಕಾಲು ಹಿಡಿದಿತ್ತು. ತೆವಳಿದ್ರು."

ಮಗಳು ಓಡಿಬಂದು ಅಜ್ಜಿಯ ತೋಳು ಹಿಡಿದಳು. "ಅಮ್ಮಾ, ಅಪ್ಪನ ಮರ್ಯಾದೆ ಪ್ರಶ್ನೆ. ನೀನು ಸ್ವಲ್ಪ ಸುಮ್ಮನಿರು. ಅಪ್ಪ ಅಂದ್ರೆ ಎಲ್ಲರಿಗೂ ಆ ಫೋಟೋನೇ."

"ನಿನಗೂನಾ?" ಎಂದಳು ಅಜ್ಜಿ.

ಮಗಳು ಹಿಡಿದಿದ್ದ ತೋಳು ಬಿಟ್ಟಳು.

ಕೆನ್ನೆರಾಯ ಯಾರ ಮನಸ್ಸನ್ನೂ ನೋಯಿಸಲಾರದವನು. ನಿರ್ದೇಶಕ ಆ ಕಡೆ ಹೋದಾಗ ಅಜ್ಜಿಯ ಕಿವಿಯಲ್ಲಿ, "ಕೆನ್ನೆ ಅವರಿಗೆ, ಕಾಲು ನಿಮಗೆ. ಮೇಜಿನ ಕೆಳಗೆ ಕ್ಯಾಮೆರಾಗೆ ಏನೂ ಕಾಣಲ್ಲ" ಎಂದು ಹೇಳಿಹೋದ.

ಹಾಗೆಯೇ ಮಾಡಿದ. ಸಿನಿಮಾದವರು ತಂದಿಟ್ಟಿದ್ದ ದೊಡ್ಡ ಮೇಜಿನ ಹಿಂದೆ, ಕುರ್ಚಿಯ ಮೇಲೆ ಬಲಗಾಲು ಮಡಿಸಿ ಕುಳಿತ. ಒಮ್ಮೆ ದೀಪ ಸರಿಯಿಲ್ಲ, ಒಮ್ಮೆ ಬೀದಿಯಲ್ಲಿ ನಾಯಿ ಬೊಗಳಿತು, ಇನ್ನೊಮ್ಮೆ ಹಣೆಯ ಬೆವರು ಒರೆಸಬೇಕಾಯಿತು. ದೃಶ್ಯ ಮುಂದಕ್ಕೆ ಬೀಳುತ್ತಲೇ ಇತ್ತು. ಕೆನ್ನೆರಾಯ ಮಡಿಸಿದ ಕಾಲು ಬಿಚ್ಚಲಿಲ್ಲ. ಅಜ್ಜಿ ಕ್ಯಾಮೆರಾದ ಹಿಂದೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದಳು.

ಕೊನೆಗೂ ಎಲ್ಲ ಸರಿಹೋಯಿತು. ಕೆನ್ನೆರಾಯ ಕೊನೆಯ ಸಾಲು ಬರೆದು ಲೇಖನಿ ಕೆಳಗಿಟ್ಟ. ಕೆನ್ನೆಗೆ ಕೈ ಹಚ್ಚಿ ಕಿಟಕಿಯಾಚೆ ನೋಡಿದ. ಬಾಗಿಲಲ್ಲಿ ಹೆಂಡತಿಯ ಪಾತ್ರದ ನಟಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇನ್ನು ಅವನು ಗಂಭೀರವಾಗಿ ಎದ್ದು ಕಿಟಕಿಯ ಬಳಿ ಹೋಗಿ ನಿಂತರೆ ಸಿನಿಮಾ ಮುಗಿದಂತೆ.

ಎದ್ದ. ಕಾಲು ಮಾತ್ರ ಏಳಲಿಲ್ಲ. ಆಸರೆಗೆಂದು ಕಿಟಕಿಯ ಪರದೆ ಹಿಡಿದುಕೊಂಡರೆ ಪರದೆ ಕಂಬಿಯ ಸಮೇತ ಮೈಮೇಲೆ ಬಂತು. ತಲೆಯ ಮೇಲೆ ಪರದೆ ಹೊದ್ದುಕೊಂಡು, ಎರಡೂ ಕೈ ಗಾಳಿಯಲ್ಲಿ ಆಡಿಸುತ್ತ, ಒಂಟಿ ಕಾಲಲ್ಲಿ ಮೇಜಿನ ಸುತ್ತ ಕುಪ್ಪಳಿಸಿದ. ನೋವಿನಲ್ಲಿ ಅವನ ಬಾಯಿಂದ ಕಲಿತ ಮಾತು ಯಾವುದೂ ಬರಲಿಲ್ಲ. ಬಂದದ್ದು ಇದೇ:

"ಇವಳೇ! ನನ್ನ ಕಾಲೆಲ್ಲೇ?"

ನಟಿ ಏನು ಮಾಡಬೇಕೆಂದೇ ತೋಚದೆ ಬಾಯಿ ಬಿಟ್ಟು ನಿಂತಳು. ಅಷ್ಟರಲ್ಲಿ, "ಬಂದೆ, ಬಂದೆ, ಊರೆಲ್ಲಾ ಕೂಗಬೇಡಿ" ಎನ್ನುತ್ತ ಯಾರೋ ದೀಪಗಳ ನಡುವೆ ನುಗ್ಗಿದರು. ಯಾರೆಂದು ನೋಡಿದರೆ ಅಜ್ಜಿ. ಮಂಡಿನೋವಿದ್ದ ಅಜ್ಜಿ! ಪರದೆಯಲ್ಲಿ ಮುಖ ಮುಚ್ಚಿಹೋಗಿದ್ದವನನ್ನು ಕುರ್ಚಿಗೆ ದಬ್ಬಿ, ಪಾದ ಎತ್ತಿ ಹಿಡಿದು, ಅಂಗಾಲಿಗೆ ಪಟಪಟನೆ ಎರಡು ಬಾರಿಸಿದಳು.

"ಹಾಂ, ಸಿಕ್ತು" ಎಂದಿತು ಪರದೆ.

ಅಜ್ಜಿಗೆ ಆಮೇಲೆ ತಾನೆಲ್ಲಿದ್ದೇನೆಂದು ಅರಿವಾಗಿ ಮುಖ ಕೆಂಪಾಯಿತು. ಮೂಲೆಯಲ್ಲಿ ಮಗಳು ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯುವಂತಿರಲಿಲ್ಲ. "ಅಮ್ಮಾ, ಅಪ್ಪ ಹೀಗೇ ಕೂಗ್ತಿದ್ರು ಅಲ್ವಾ? ನಾನು ಹಾಸಿಗೇಲಿ ಮಲಗಿ ಕೇಳಿಸ್ಕೊಂಡು ನಗ್ತಿದ್ದೆ. ಹೇಗೆ ಮರೆತೆನಮ್ಮಾ ನಾನು?"

"ಕ್ಯಾಮೆರಾ ನಿಲ್ಲಿಸಿದ್ಯೇನಯ್ಯಾ?" ಎಂದ ನಿರ್ದೇಶಕ, ಕ್ಷೀಣವಾಗಿ.

"ನೀವು ಹೇಳಲೇ ಇಲ್ವಲ್ಲ ಸಾರ್" ಎಂದ ಕ್ಯಾಮೆರಾದವನು ಕಣ್ಣೊರೆಸಿಕೊಳ್ಳುತ್ತ. "ಎಲ್ಲಾ ಬಂದಿದೆ."

ನಿರ್ದೇಶಕ ಮೆಲ್ಲಗೆ ಕುಳಿತು ಕೆನ್ನೆಯ ಮೇಲೆ ಕೈ ಇಟ್ಟುಕೊಂಡ.

"ನಿನಗೂ ಹಲ್ಲುನೋವೇನಪ್ಪಾ?" ಎಂದು ಅಜ್ಜಿ ನಿಜವಾಗಿಯೂ ಚಿಂತೆಯಿಂದಲೇ ಕೇಳಿದಳು.

ಸಂಜೆ ಎಲ್ಲರೂ ಹೋದ ಮೇಲೆ ಅಜ್ಜಿ ದೇವರ ಮುಂದೆ ಕುಳಿತಳು. ಕಣ್ಣು ಮುಚ್ಚಲು ಹೆದರಿಕೆ. ಧೈರ್ಯ ಮಾಡಿ ಮುಚ್ಚಿದಳು. ದೇವರು ಬಂದ, ಎಂದಿನಂತೆ ಪಕ್ಕಕ್ಕೆ ಸರಿದ. ಕೆನ್ನೆರಾಯ ಬರಲಿಲ್ಲ. ಬಹಳ ಹೊತ್ತು ಯಾರೂ ಬರಲಿಲ್ಲ.

ಆಮೇಲೆ ದೂರದಿಂದ ಒಂದೇ ಕಾಲಿನ ಸದ್ದು ಧಪ್, ಧಪ್ ಎಂದು ಹತ್ತಿರವಾಯಿತು. ಮುಖ ಇನ್ನೂ ಮಸುಕು. ಪಾದ ಮಾತ್ರ ಸ್ಪಷ್ಟ. ಬರೆಯುವಾಗ ಕಾಲಿನ ಹೆಬ್ಬೆರಳಿಗೆ ಮೆತ್ತುತ್ತಿದ್ದ ಮಸಿಯ ಕಲೆಯೂ ಇದ್ದಲ್ಲೇ ಇತ್ತು. ಮುಖ ನಿಧಾನಕ್ಕೆ ಬರಲಿ, ಇವತ್ತಿಗೆ ಪಾದ ಬಂತಲ್ಲ, ಅಷ್ಟೇ ಸಾಕು ಎಂದುಕೊಂಡಳು ಅಜ್ಜಿ. ತೊಡೆಯ ಮೇಲಿದ್ದ ಅವಳ ಕೈ ಬಾರಿಸಲು ತಾನಾಗಿಯೇ ಮೇಲೆದ್ದಿತು.

ಕುಪ್ಪಳಿಸುವವರಿಗೆ ಜಾಗ ಹೆಚ್ಚು ಬೇಕು. ದೇವರು ಇನ್ನೂ ಸ್ವಲ್ಪ ಸರಿದು ನಿಂತ.