ತಲೆಗೆ ಫ್ರೇಮ್ ಅಂದರೆ ಏನೆಂದು ನಾನು ಕೇಳಲಿಲ್ಲ

ಒಂದೇ ವಾರದಲ್ಲಿ ನಮ್ಮ ಯಜಮಾನರು ಐದು ಗಾಜು ತಪ್ಪು ಅಳತೆಗೆ ಕತ್ತರಿಸಿದರು. ಇಪ್ಪತ್ತೆರಡು ವರ್ಷದಿಂದ ಫೋಟೋಗಳಿಗೆ ಫ್ರೇಮ್ ಹಾಕುವ ಕೈ ಅದು. ಬೆಳಿಗ್ಗೆ ಎದ್ದರೆ ತಲೆನೋವು, ಒಮ್ಮೊಮ್ಮೆ ವಾಂತಿ. ಸುತ್ತಿಗೆ ಹಿಡಿದುಕೊಂಡೇ "ಅದು ಕೊಡೇ, ಅದು... ಮೊಳೆ ಹೊಡೆಯೋದು" ಎನ್ನುತ್ತಿದ್ದರು.

"ಕೈಯಲ್ಲೇ ಇದೆಯಲ್ರೀ! ವಯಸ್ಸಾಯ್ತು ನಿಮಗೆ" ಎಂದು ನಾನು ನಗುತ್ತಿದ್ದೆ. ಕನ್ನಡಕ ಬದಲಾಯಿಸಿ ನೋಡಿದೆವು. ಏನೂ ಪ್ರಯೋಜನವಾಗಲಿಲ್ಲ.

ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಮೆದುಳಿನ ಆಳದಲ್ಲಿ ಒಂದು ಗಂಟು ಇತ್ತು.

"ಅದು ಯಾವ ಥರದ ಗಂಟು ಅಂತ ಮೊದಲು ಗೊತ್ತಾಗ್ಬೇಕು. ತಲೆಗೆ ಫ್ರೇಮ್ ಹಾಕಿ, ಸೂಜಿಯಿಂದ ಒಂದು ಚೂರು ತೆಗೀತೀವಿ. ತಡ ಮಾಡ್ಬೇಡಿ" ಎಂದರು ಡಾಕ್ಟರು.

ಫ್ರೇಮ್! ನಮ್ಮ ಅಂಗಡಿಗೆ ಬರುವ ಹತ್ತು ಫೋಟೋದಲ್ಲಿ ಏಳು ಸತ್ತವರದು. ಗಲ್ಲಾದ ಮುಂದೆ ಕೂತು ಅವರ ಮನೆಯವರ ಅಳು ಕೇಳುವವಳು ನಾನು. ಆ ಪದ ಕಿವಿಗೆ ಬಿದ್ದದ್ದೇ ನನ್ನ ಜೀವ ಬಾಯಿಗೆ ಬಂತು. ಡಾಕ್ಟರು ಮುಂದೆ ಹೇಳಿದ್ದೊಂದೂ ತಲೆಗೆ ಹೋಗಲಿಲ್ಲ.

ನಮ್ಮವರು ಹೆದರಲಿಲ್ಲ. "ಅಳತೆ ಹಿಡಿಯೋಕೆ ಅಂತೆ ಕಣೇ ಅದು. ಅಳತೆ ಅಂದ್ಮೇಲೆ ನನಗೇನು ಭಯ? ಊರಿಗೆಲ್ಲ ಫ್ರೇಮ್ ಹಾಕಿದೀನಿ, ಒಂದ್ಸಲ ನಾನೂ ಹಾಕಿಸ್ಕೋತೀನಿ."

"ಬಿಡ್ತು ಅನ್ನಿ! ಅದೇನಾದ್ರೂ ಮಾಡಿಸ್ಕೊಂಡ್ರೆ ನನ್ನಾಣೆ."

ನಾನು ಅತ್ತು ಕರೆದೆ, ಊಟ ಬಿಟ್ಟೆ. ಅವರು ಸೋತರು. ಆಸ್ಪತ್ರೆಯ ಕಾಗದಗಳನ್ನು ನಾನೇ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ.

ಮೂರು ತಿಂಗಳು ತಲೆನೋವಿನ ಮಾತ್ರೆಯಲ್ಲೇ ಕಳೆಯಿತು. ಮೊದಲು ಬಲಗೈ ಸೋತಿತು. ಆಮೇಲೆ ಮಾತು ಕಡಿಮೆಯಾಯಿತು, ದಿನಕ್ಕೆ ನಾಲ್ಕು ಪದ, ಎರಡು ಪದ. ಒಂದು ದಿನ ಮಗಳನ್ನು "ಗಾಜು" ಎಂದು ಕರೆದರು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಹಡಿ ಮನೆಯ ನರ್ಸಮ್ಮ ವಿಷಯ ತಿಳಿದು ಇಳಿದು ಬಂದರು. ಕಾಗದ ನೋಡಿ ಅವರ ಮುಖ ಬಾಡಿತು.

"ಮೂರು ತಿಂಗಳು ಇದನ್ನ ಬೀರುವಿನಲ್ಲಿ ಇಟ್ಟಿದ್ರಾ ಅಕ್ಕಾ?"

"ತಲೆಗೆ ಫ್ರೇಮ್ ಹಾಕ್ತಾರಂತೆ ನರ್ಸಮ್ಮ. ಬುರುಡೆ ಸೀಳಿಬಿಡ್ತಾರೆ."

"ಇದ್ರಲ್ಲಿ ಹಾಗೆಲ್ಲ ಸೀಳಲ್ಲ. ತಲೆ ಸುತ್ತ ಒಂದು ಬಳೆ ಇಡ್ತಾರೆ. ಮರಗಟ್ಟೋ ಇಂಜೆಕ್ಷನ್ ಕೊಟ್ಟು ನಾಲ್ಕು ಕಡೆ ಪಿನ್ ಬಿಗೀತಾರೆ, ತಲೆ ಅಲ್ಲಾಡಬಾರದಲ್ಲ. ಅದು ಇರೋ ಹಾಗೇ ಸ್ಕ್ಯಾನ್ ಮಾಡ್ತಾರೆ. ಗಂಟು ಪಕ್ಕಕ್ಕೆಷ್ಟು, ಮುಂದಕ್ಕೆಷ್ಟು, ಆಳ ಎಷ್ಟು, ಮೂರು ಅಳತೆ ಸಿಗುತ್ತೆ. ಆ ಅಳತೆ ಹಿಡ್ಕೊಂಡು ಪುಟ್ಟ ತೂತಿಂದ ತೆಳು ಸೂಜಿ ಬಿಡ್ತಾರೆ. ಕೆಲಸ ಮುಗಿದ್ಮೇಲೆ ಬಿಚ್ಚಿಡ್ತಾರೆ."

"ಬಿಚ್ಚಿಡ್ತಾರಾ?"

"ಮತ್ತೆ? ಹಾಕ್ಕೊಂಡೇ ಮನೆಗೆ ಬರ್ತಾರಾ?"

ಬೇರೆ ದಿನವಾಗಿದ್ದರೆ ನಗುತ್ತಿದ್ದೆನೇನೋ. "ಅಪಾಯ ಇಲ್ವಾ?" ಎಂದೆ.

"ಇಲ್ವೇ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಕೆಲವರಿಗೆ ಒಳಗೆ ರಕ್ತ ಬರಬಹುದು. ಭಾವನವರಿಗೆ ಎಷ್ಟು ಅಪಾಯ ಅಂತ ಡಾಕ್ಟರನ್ನೇ ಕೇಳೋಣ. ಆದ್ರೆ ಸುಮ್ನೆ ಕೂತಿದ್ದಕ್ಕೆ ಏನಾಯ್ತು ಅಂತ ನೋಡ್ತಿದೀರಲ್ಲ ಅಕ್ಕಾ."

ಆ ವಾರವೇ ಹೋಗಿ ಅದನ್ನು ಮಾಡಿಸಿದೆವು. ಮಾರನೆಯ ದಿನ ಅವರು ಹಾಸಿಗೆಯಲ್ಲಿ ಎದ್ದು ಕೂತಿದ್ದರು. ತಲೆಯಲ್ಲಿ ನಾಲ್ಕು ಪಿನ್ನಿನ ಗುರುತು, ಎರಡು ಹೊಲಿಗೆ. ಇಷ್ಟಕ್ಕೇ ನಾನು ಆಣೆ ಹಾಕಿದ್ದೆ. ಅಲ್ಲೇ ನನ್ನ ಕೆನ್ನೆಗೆ ಹೊಡೆದುಕೊಳ್ಳಬೇಕು ಅನಿಸಿತು.

ತೆಗೆದ ಚೂರನ್ನು ಪರೀಕ್ಷೆ ಮಾಡಿದಾಗ ಅದು ಔಷಧಿಗೆ ಬಗ್ಗುವ ಗಂಟು ಎಂದು ಗೊತ್ತಾಯಿತು. ಚಿಕಿತ್ಸೆ ಶುರುವಾಗಿ ಈಗ ಗಂಟು ಕರಗುತ್ತಿದೆ.

"ಮಾತು ಬರುತ್ತಾ ಡಾಕ್ಟ್ರೇ?"

ಡಾಕ್ಟರು ಕೈಯಲ್ಲಿದ್ದ ಸ್ಕ್ಯಾನ್ ಕೆಳಗಿಟ್ಟರು. "ಆವಾಗ್ಲೇ ಬಂದಿದ್ರೆ ಮಾತು ಉಳಿಯೋ ಸಾಧ್ಯತೆ ಜಾಸ್ತಿ ಇತ್ತಮ್ಮ. ಈಗ ಹೆಚ್ಚು ಆಸೆ ಇಟ್ಕೋಬೇಡಿ."

ನಿನ್ನೆ ನಮ್ಮವರು ಎಡಗೈಯಿಂದ ಸನ್ನೆ ಮಾಡಿ ಏನೋ ಕೇಳಿದರು. ನೀರು ಕೊಟ್ಟೆ, ಅಲ್ಲ ಎಂದು ತಲೆ ಆಡಿಸಿದರು. ಟವೆಲು ತಂದೆ, ಅಲ್ಲ. ಕಿಟಕಿ ತೆಗೆದೆ, ಅದೂ ಅಲ್ಲ. ಲೋಟ ಎಸೆದು ಮಗುವಿನ ಹಾಗೆ ಅತ್ತರು. ಅವರಿಗೆ ಏನು ಬೇಕಿತ್ತೋ ನನಗೆ ಇನ್ನೂ ಗೊತ್ತಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಬೆಳಗಿನ ತಲೆನೋವು ದಿನದಿನಕ್ಕೆ ಹೆಚ್ಚಾದರೆ, ಪದಗಳು ಮರೆತುಹೋದರೆ, ಕೈ ಸೋತರೆ ವಯಸ್ಸಿನ ಮೇಲೆ ಹಾಕಬೇಡಿ, ಬೇಗ ತೋರಿಸಿ. ಮೆದುಳಿಗೋ ಬೆನ್ನುಹುರಿಗೋ ಅಳತೆ ಹಿಡಿದು ಸೂಜಿ ಹಾಕುತ್ತೇವೆ, ಗಂಟಿಗೆ ರೇಡಿಯೇಶನ್ ಕಿರಣ ಬಿಡುತ್ತೇವೆ ಎಂದು ಡಾಕ್ಟರು ಹೇಳಿದರೆ ಹೆದರಿ ಎದ್ದು ಬರಬೇಡಿ. ಹಾಗಂದರೆ ಏನು, ಅಪಾಯ ಎಷ್ಟು, ತಡವಾದರೆ ಏನಾಗುತ್ತದೆ ಎಂದು ಅಲ್ಲೇ ಕೇಳಿ. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ, ಬೈದರೆ ಬೈಸಿಕೊಳ್ಳಿ. ನಾನು ಅವತ್ತು ಒಂದು ಪ್ರಶ್ನೆ ಕೇಳಲಿಲ್ಲ. ಈಗ "ಏನು ಬೇಕ್ರೀ" ಎಂದು ದಿನವಿಡೀ ಕೇಳುತ್ತೇನೆ, ಉತ್ತರ ಹೇಳಬೇಕಾದವರಿಗೆ ಮಾತಿಲ್ಲ.