ತೊಟ್ಟಿಯ ಮೇಸ್ತ್ರಿ

ಮಧ್ಯಾಹ್ನದ ನಿದ್ದೆಯಲ್ಲಿದ್ದ ಫೆರ್ಮಿನ್ ಮೇಸ್ತ್ರಿಯನ್ನು ಎಬ್ಬಿಸುವ ಧೈರ್ಯ ಆ ಊರಿನಲ್ಲಿ ಯಾರಿಗೂ ಇರಲಿಲ್ಲ. ಕಟ್ಟಿಕೊಂಡ ಹೆಂಡತಿಗೂ ಇರಲಿಲ್ಲ. ಇದ್ದದ್ದು ಮಗಳು ಕಸಿಲ್ಡಾಳಿಗೆ ಮಾತ್ರ.

"ಅಪ್ಪ, ಏಳಿ. ಬೆಳಿಗ್ಗೆ ತುಂಬಿಸಿದ ತೊಟ್ಟಿಯ ಕಾಯಿ ಆಗ್ಲೇ ಹದಕ್ಕೆ ಬರ್ತಿದೆ."

"ನಾನು ಎದ್ದು ಬರೋ ಹೊತ್ತಿಗೆ ಆಗತ್ತೆ. ಯಾವಾಗ್ಲೂ ಹಾಗೇ," ಎಂದು ಅವನು ಕಣ್ಣು ಬಿಡದೆಯೇ ಗೊಣಗಿದ.

"ಯಾವಾಗ್ಲೂ ಇಂಥ ಸೆಕೆ ಇರತ್ತಾ? ನೀರು ಬಿಸಿಯಾದಷ್ಟೂ ಕ್ಷಾರ ಬೇಗ ಕಾಯೊಳಗೆ ಇಳಿಯತ್ತೆ. ಬಂದು ನೋಡಿ."

ನೋಡಿ ಎಂದದ್ದೇ ಅವನಿಗೆ ಚುಚ್ಚಿತು. ಹಸಿ ಆಲಿವ್ ಕಾಯಿ ಬೇವಿಗಿಂತ ಕಹಿ. ಕಾಸ್ಟಿಕ್ ಸೋಡಾ ಕರಗಿಸಿದ ನೀರಿನಲ್ಲಿ ನೆನೆಸಿದರೆ ಆ ಕಹಿ ಒಡೆಯುತ್ತದೆ. ಆದರೆ ಕ್ಷಾರ ಬೀಜದವರೆಗೂ ಹೋಗಬಾರದು, ಅದಕ್ಕೂ ಸ್ವಲ್ಪ ಮೊದಲೇ ನಿಲ್ಲಬೇಕು. ತಡವಾದರೆ ತೊಟ್ಟಿಗೆ ತೊಟ್ಟಿಯೇ ಮೆತ್ತಗಾಗಿ, ಸಿಪ್ಪೆ ಸುಲಿದುಹೋಗುತ್ತದೆ, ದನವೂ ಮೂಸುವುದಿಲ್ಲ. ಕಾಯಿ ಕೊಯ್ದು, ತಿರುಳಿನಲ್ಲಿ ಕಂದು ಗೆರೆ ಎಲ್ಲಿಗೆ ಬಂದಿದೆ ಎಂದು ನೋಡಿ "ಬಿಡಿ" ಎಂದು ಕೂಗುವುದೇ ಮೇಸ್ತ್ರಿಯ ಕೆಲಸ. ಅವನು ಕೂಗದೆ ಬೆಳೆಗಾರರ ಸಂಘದ ಅಧ್ಯಕ್ಷರೂ ನೀರು ಹೊರಬಿಡುವ ತೂಬು ಮುಟ್ಟುವಂತಿಲ್ಲ. ಆ ಗೆರೆ ಫೆರ್ಮಿನ್‌ಗೆ ಈಚೆಗೆ ಕಾಣುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು. ಯಾರಿಗೂ ಹೇಳದೆ, ನಿದ್ದೆ ಮುಗಿಯುವ ಹೊತ್ತಿಗೆ ಕಾಯಿ ಆಗಿರುತ್ತದೆ ಎಂಬ ಲೆಕ್ಕದಲ್ಲೇ ದಿನ ತಳ್ಳುತ್ತಿದ್ದ. ಎಂಥ ಜಂಬದ ಮನುಷ್ಯ ನೋಡಿ, ಊರಿನ ವರ್ಷದ ಬೆಳೆಯನ್ನೇ ತನ್ನ ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದ.

ಗೊಣಗುತ್ತಲೇ ಎದ್ದು ಮಗಳ ಜೊತೆ ಬಂದ. ತೊಟ್ಟಿಗಳ ಶೆಡ್ಡಿನಲ್ಲಿ ಕೆಲಸಗಾರ ಅನ್ಸೆಲ್ಮೊ ತೂಬಿನ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದ. "ಮೇಸ್ತ್ರಿ, ನಿಮ್ಮ ಮಗಳು ಔಷಧಿ ಬಾಟ್ಲಿ ಹಿಡ್ಕೊಂಡು ಬಂದವ್ಳೆ. ಕಾಯಿಗೆ ಜ್ವರ ಬಂದಿದೆಯೇನೋ," ಎಂದ. ಉಳಿದವರು ನಕ್ಕರು.

ಕಸಿಲ್ಡಾ ನಗಲಿಲ್ಲ. ಸೆವಿಯಾ ನಗರದಲ್ಲಿ ರಸಾಯನಶಾಸ್ತ್ರ ಓದಿ ಈ ಸುಗ್ಗಿಯಲ್ಲಷ್ಟೇ ಇಲ್ಲಿ ಕೆಲಸಕ್ಕೆ ಸೇರಿದ್ದಳು. "ಬರೀ ನೀರಿಗೆ ಪಿಎಚ್ ಏಳು, ಅನ್ಸೆಲ್ಮೊ ಮಾವ. ಅದಕ್ಕಿಂತ ಕೆಳಗೆ ಹೋದ್ರೆ ಹುಳಿ, ನಿಮ್ಮ ವಿನೆಗರ್ ಥರ. ಮೇಲೆ ಹೋದ್ರೆ ಕ್ಷಾರ. ಈ ತೊಟ್ಟಿ ಹದಿಮೂರು ದಾಟಿದೆ. ಕ್ಷಾರ ಮುಟ್ಟಿದ ಕಡೆಯೆಲ್ಲ ಈ ಬಾಟ್ಲಿ ಹನಿ ಗುಲಾಬಿ ಬಣ್ಣಕ್ಕೆ ತಿರುಗತ್ತೆ."

ಜಾಲರಿ ಸೌಟಿನಿಂದ ಒಂದು ಕಾಯಿ ಎತ್ತಿ, ಎರಡು ಹೋಳು ಮಾಡಿ, ಹನಿ ಬಿಟ್ಟಳು. ಹೋಳನ್ನು ಅಪ್ಪನ ಮುಂದೆ ಹಿಡಿದಳು.

ಮಂಜಿನಲ್ಲಿ ಮುಳುಗಿದ್ದ ಫೆರ್ಮಿನ್‌ನ ಕಣ್ಣಿಗೆ ಗುಲಾಬಿ ಬಣ್ಣ ರಾಚಿತು. ಸಿಪ್ಪೆಯಿಂದ ಒಳಕ್ಕೆ ಸುತ್ತಲೂ ಹಬ್ಬಿ, ಬೀಜದ ಸುತ್ತ ಒಂದು ಸಣ್ಣ ಪಟ್ಟಿ ಮಾತ್ರ ಬೆಳ್ಳಗೆ ಉಳಿದಿತ್ತು. ಇನ್ನೊಂದು ಗಳಿಗೆ ಮಲಗಿದ್ದರೆ ಅದೂ ಹೋಗುತ್ತಿತ್ತು. ಮಗಳ ಮುಖ ನೋಡಿದ. ಕಣ್ಣಿನ ವಿಷಯ ಅವಳಿಗೆ ಮೊದಲೇ ಗೊತ್ತಿತ್ತು ಎಂದು ಆಗ ಹೊಳೆಯಿತು. ಗೊತ್ತಿದ್ದೂ ನಾಲ್ಕು ಜನರ ಮುಂದೆ ಬಾಯಿ ಬಿಟ್ಟಿರಲಿಲ್ಲ.

ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಒಂದು ಮಾತು ಕೂಗಿದ್ದರೆ ಕಾಯಿಯೂ ಉಳಿಯುತ್ತಿತ್ತು, ಹೆಸರೂ ಉಳಿಯುತ್ತಿತ್ತು.

"ನನ್ನ ಮುಖದಲ್ಲಿ ಏನಿದೆ ಅಂತ ನೋಡ್ತಿದೀರ?" ಎಂದು ಗದರಿದ. "ಮೇಸ್ತ್ರಿ ಇಲ್ಲಿ ನಿಂತಿದಾರೆ. ಅವರನ್ನ ಕೇಳಿ."

ಅನ್ಸೆಲ್ಮೊ ಹಿಡಿಯಿಂದ ಕೈ ತೆಗೆದು, ಟೋಪಿ ಸರಿಮಾಡಿಕೊಂಡು, ಮತ್ತೆ ಹಿಡಿದ. "ಏನ್ಮಾಡೋಣ, ಮೇಸ್ತ್ರಿ?" ಎಂದು ಕಸಿಲ್ಡಾಳನ್ನು ಕೇಳಿದ. ಅವನ ದನಿಯಲ್ಲಿ ಕೀಟಲೆ ಇರಲಿಲ್ಲ.

"ಬಿಡಿ," ಎಂದಳು. ಮೊದಲ ಸಲ ಮೆಲ್ಲಗೆ ಬಂತು. ಅಪ್ಪ ಕೂಗುವಷ್ಟೇ ಜೋರಾಗಿ ಮತ್ತೆ ಕೂಗಿದಳು. ತೂಬು ತೆರೆಯಿತು, ಕಂದು ನೀರು ಭೋರೆಂದು ಕಾಲುವೆಗಿಳಿಯಿತು.

ಫೆರ್ಮಿನ್ ಮನೆಗೆ ಹೋಗಿ ಮಲಗಲಿಲ್ಲ. ಶೆಡ್ಡಿನ ಗೇಟಿನ ಬಳಿ ಬಿಸಿಲಿನಲ್ಲೇ ನಿಂತ. ಬ್ರೆಡ್ಡು ಕೊಂಡು ಬರುತ್ತಿದ್ದ ಯುಲಾಲಿಯಾ ಅಜ್ಜಿ ಒಳಗಿನ ಗದ್ದಲ ಕೇಳಿ, "ಯಾರದಪ್ಪ ಅದು, ಇಷ್ಟು ಜೋರಾಗಿ ಕೂಗ್ತಿರೋದು?" ಎಂದಳು.

"ಸುಮ್ನಿರಜ್ಜಿ," ಎಂದು ಅವನು ಅವಳ ತೋಳು ಹಿಡಿದು ನಿಲ್ಲಿಸಿದ. "ಇನ್ನೊಂದು ತೊಟ್ಟಿ ಇದೆ. ಇನ್ನೊಂದ್ಸಲ ಕೂಗ್ತಾಳೆ, ಕೇಳು."

ಇಬ್ಬರೂ ಶೆಡ್ಡಿನ ಕಡೆ ಕಿವಿಗೊಟ್ಟು ನಿಂತರು. ಅಜ್ಜಿಯ ಬ್ರೆಡ್ಡು ಬಿಸಿಲಿಗೆ ಒಣಗುತ್ತಿತ್ತು.