ಬಂದೆ

ಅಮ್ಮಂದಿರ ವ್ಯಾಕರಣವೇ ಬೇರೆ. ಒಳಗಿನಿಂದ ಮಗು ‘ಅಮ್ಮಾ’ ಎಂದು ಕೂಗಿದರೆ, ಕೈಗೆ ಮೆತ್ತಿದ ಹಿಟ್ಟು ಕೈಯಲ್ಲೇ ಇರುತ್ತದೆ, ನಿಂತ ಜಾಗದಿಂದ ಕಾಲು ಕದಲಿರುವುದಿಲ್ಲ, ಆದರೂ ‘ಬಂದೆ’ ಎನ್ನುತ್ತಾರೆ. ಬರುತ್ತೇನೆ ಎಂದಲ್ಲ, ಬರುತ್ತಿದ್ದೇನೆ ಎಂದೂ ಅಲ್ಲ. ಆಗಲೇ ಬಂದಾಯಿತು! ಇವಳೂ ಇಬ್ಬರು ಮಕ್ಕಳನ್ನು ಹಾಗೆಯೇ ಬೆಳೆಸಿದಳು. ಆ ಪುಟ್ಟ ಮಾತೇ ಒಂದು ದಿನ ತನ್ನ ಕೆಲಸಕ್ಕೆ ಸಂಚಕಾರ ತರುತ್ತದೆಂದು ಅವಳಿಗೇನು ಗೊತ್ತು?

ಮಗಳು ಹಾಸ್ಟೆಲ್ ಸೇರಿದ್ದಳು. ಮೀಸೆ ಮೂಡುತ್ತಿದ್ದ ಮಗ ಮನೆಯಲ್ಲೇ ಇದ್ದರೂ ಇಲ್ಲದ ಲೆಕ್ಕ. ಹಸಿವಾದರೆ ಪಕ್ಕದ ಕೋಣೆಯಿಂದ ಫೋನಿಗೆ ಮೆಸೇಜು ಹಾಕುತ್ತಿದ್ದ. ಮನೆಯಲ್ಲಿ ಬಾಯಿಬಿಟ್ಟು ಕರೆಯುವವರೇ ಇರಲಿಲ್ಲ. ಆದರೂ ಅವಳಿಗೆ ಕೇಳಿಸುತ್ತಿತ್ತು. ನಲ್ಲಿ ತಿರುಗಿಸಿದಾಗ, ಮಿಕ್ಸಿ ನಿಂತ ಮರುಗಳಿಗೆ, ತೊದಲು ಇನ್ನೂ ಬಿಡದ ದನಿಯೊಂದು ‘ಅಮ್ಮಾ’ ಎನ್ನುತ್ತಿತ್ತು. ‘ಬಂದೆ’ ಎಂದು ಓಡಿಹೋಗಿ ಮಗಳ ಖಾಲಿ ಮಂಚದ ಮುಂದೆ ನಿಲ್ಲುತ್ತಿದ್ದಳು.

“ಯಾರಿಗೇ ಬಂದೆ ಅಂದಿದ್ದು?” ಎಂದು ಗಂಡ ಪೇಪರಿನ ಹಿಂದಿನಿಂದ ರೇಗಿಸುತ್ತಿದ್ದ. ಆಮೇಲಾಮೇಲೆ ಅವನೂ ರೇಗಿಸುವುದನ್ನು ಬಿಟ್ಟ. ಅದೇ ಅವಳಿಗೆ ಹೆಚ್ಚು ಹೆದರಿಕೆ ತಂದಿತು. ದೆವ್ವವಾಗಲು ಸಾಯಲೇಬೇಕೆಂದೇನಿಲ್ಲ, ಬೆಳೆದರೂ ಸಾಕು ಎಂದು ಅವಳಿಗೆ ಅನ್ನಿಸತೊಡಗಿತ್ತು. ಈಗಿರುವ ಮಕ್ಕಳು ಬೇರೆ ಯಾರೋ. ಆ ಪುಟಾಣಿಗಳು ಮನೆಯಲ್ಲೇ ಎಲ್ಲೋ ಉಳಿದುಬಿಟ್ಟಿವೆ, ಕರೆಯುತ್ತಲೇ ಇವೆ.

ಹೊರಗೆ ಕೆಲಸಕ್ಕೆ ಸೇರಿದರೆ ಸರಿಹೋದೀತೆಂದು ಹುಡುಕಾಡಿದಳು. ಮದುವೆಗೆ ಮುಂಚೆ ಔಷಧಿ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುತ್ತಿದ್ದಳು. ಈಗ ಬಿಲ್ಲನ್ನೆಲ್ಲ ಯಂತ್ರವೇ ಉಗುಳುತ್ತದೆ, ಇವಳನ್ನು ಯಾರು ಕೇಳುತ್ತಾರೆ? ಕೊನೆಗೆ ಸಿಕ್ಕಿದ್ದು ಯಾರೂ ಊಹಿಸದ ಕೆಲಸ. ಕೋರ್ಟಿನಲ್ಲಿ ನಡೆದ ವಿಚಾರಣೆಯ ರೆಕಾರ್ಡಿಂಗನ್ನು ಕಿವಿಗೆ ಹಾಕಿಕೊಂಡು, ಆಡಿದ ಮಾತನ್ನು ಆಡಿದ ಹಾಗೆ ಟೈಪು ಮಾಡಬೇಕು. ಪರೀಕ್ಷೆಗೆ ಬಂದ ಉಳಿದವರೆಲ್ಲ ಕೆಮ್ಮು ಎಂದು ಬಿಟ್ಟ ಕಡೆ ಇವಳು ಕೆಮ್ಮಿನ ಹಿಂದಿದ್ದ ಮಾತನ್ನೂ ಹಿಡಿದಿದ್ದಳು. ಮಗು ಬಿದ್ದ ಸದ್ದಿನಲ್ಲೇ ಪೆಟ್ಟಾಗಿದೆಯೋ ನಾಟಕವೋ ಎಂದು ಹೇಳುತ್ತಿದ್ದ ಕಿವಿಗೆ ಅದ್ಯಾವ ಮಹಾ! ಇಷ್ಟು ವರ್ಷ ಮನೆಯಲ್ಲಿ ಕೂತು ಏನು ಕಲಿತೆ ಎಂದು ಕೇಳಿದವರಿಗೆಲ್ಲ ಉತ್ತರ ಸಿಕ್ಕಿತೆಂದು ಅವಳು ಬೀಗಿದಳು.

ಅಲ್ಲಿನ ಮೇಲಧಿಕಾರಿಗೆ ಎಲ್ಲರೂ ಕಾಮಾ ಮೇಡಂ ಎನ್ನುತ್ತಿದ್ದರು. ಒಂದು ಕಾಮಾ ತಪ್ಪಿದರೂ ಹಾಳೆಯನ್ನು ಎರಡು ಬೆರಳಲ್ಲಿ ಸತ್ತ ಇಲಿಯಂತೆ ಎತ್ತಿ ತೋರಿಸುವ ಹೆಂಗಸು. ಇವಳ ಕೆಲಸವನ್ನು ಇನ್ನೂ ಕಾಯಂ ಮಾಡಿರಲಿಲ್ಲ. ಒಂದು ಬೆಳಿಗ್ಗೆ ಮೇಡಂ ಇವಳನ್ನು ಕರೆಸಿ, ಬಾಗಿಲು ಹಾಕಿದರು.

“ಇದೇನು ಓದಿ ನೋಡಿ.”

ಗೋದಾಮಿಗೆ ಬೆಂಕಿ ಬಿದ್ದ ಕೇಸು. ಕಟಕಟೆಯಲ್ಲಿ ಆರೋಪಿ, ಒಬ್ಬ ಹೆಂಗಸು. ಸರ್ಕಾರಿ ವಕೀಲರ ಪ್ರಶ್ನೆ: ‘ಬೆಂಕಿ ಬಿದ್ದ ಸಂಜೆ ನೀವು ಗೋದಾಮಿಗೆ ಬಂದ್ರಾ, ಇಲ್ವಾ?’ ಅದರ ಕೆಳಗೆ ಇವಳು ಟೈಪು ಮಾಡಿದ್ದ ಉತ್ತರ: ‘ಬಂದೆ.’

“ಆಯಮ್ಮ ಬಾಯೇ ಬಿಟ್ಟಿಲ್ಲ ಅಂತಾರೆ ಅವರ ವಕೀಲರು. ನೀವು ತಪ್ಪು ಒಪ್ಪಿಸಿ ಕೂತಿದ್ದೀರಿ!”

“ನಂಗೆ ಕೇಳಿಸ್ತು ಮೇಡಂ.”

“ಏನು ಕೇಳಿಸ್ತು?”

ಏನೆಂದು ಹೇಳುವುದು? ಮನೆಯಲ್ಲಿದ್ದದ್ದು ಇಲ್ಲಿಗೂ ಬೆನ್ನು ಹತ್ತಿ ಬಂತೆಂದೇ? ತನಗೆ ತಲೆ ಕೆಟ್ಟಿದೆ ಎಂದು ತಾನೇ ಬಾಯಿಬಿಟ್ಟರೆ ಕೆಲಸ ಅಲ್ಲಿಗೆ ಮುಗಿಯಿತು. ಮೇಡಂ ಸ್ಪೀಕರು ಹಾಕಿದರು.

ವಕೀಲರ ಪ್ರಶ್ನೆ. ಆಮೇಲೆ ಮೌನ. ಫ್ಯಾನಿನ ಕಿರುಗುಟ್ಟುವಿಕೆ, ಯಾರೋ ಕಾಗದ ಮಗುಚಿದ ಸದ್ದು. ಅದರಾಚೆ, ಕೋರ್ಟಿನ ಮುಚ್ಚಿದ ಬಾಗಿಲಿನ ಹೊರಗೆ, ತೀರಾ ಸಣ್ಣಗೆ: ಅಮ್ಮಾ.

ಮೇಡಂ ಕೈ ತಡೆಯಿತು. ಹಿಂದಕ್ಕೆ ಸರಿಸಿ ಮತ್ತೆ ಕೇಳಿದರು. ಮತ್ತೆ ಅದೇ.

“ಮಗು ಇದೆ,” ಎಂದರು, ದನಿ ತಗ್ಗಿಸಿ.

ಅವಳಿಗೆ ಅಳು ಒತ್ತರಿಸಿ ಬಂತು. ಹಾಗಾದರೆ ತನಗೆ ಹುಚ್ಚಿಲ್ಲ! ಆದರೆ ಮಗುವಿನ ದನಿಯ ಬೆನ್ನಿಗೆ ಇದ್ದದ್ದು ಕಟಕಟೆಯ ಹೆಂಗಸು ಒಮ್ಮೆ ಉಸಿರೆಳೆದುಕೊಂಡ ಸದ್ದು ಮಾತ್ರ. ‘ಬಂದೆ’ ಎಂಬುದು ಎಲ್ಲೂ ಇರಲಿಲ್ಲ. ಕರೆದದ್ದು ಆ ಹೆಂಗಸನ್ನು, ಓಗೊಟ್ಟವಳು ಇವಳು. ಒಬ್ಬ ತಾಯಿಯನ್ನು ಜೈಲಿಗೆ ತಳ್ಳುತ್ತಿದ್ದೆನಲ್ಲ!

“ನೋಡಿ, ನಿಮ್ಮಂಥ ಕಿವಿ ಇಲ್ಲಿ ಯಾರಿಗೂ ಇಲ್ಲ. ಅದಕ್ಕೇ ಇದೊಂದು ಸಲ ಬಿಡ್ತಿದ್ದೀನಿ,” ಎಂದರು ಮೇಡಂ. “ಕಿವಿ ಎಷ್ಟು ಬೇಕಾದ್ರೂ ಕೊಡಿ, ಬಾಯಿ ಕೊಡ್ಬೇಡಿ. ಯಾರೇ ಕರೀಲಿ, ನನ್ನನ್ನಲ್ಲ ಅಂದ್ಕೊಳ್ಳಿ. ಇನ್ನೊಮ್ಮೆ ಹೀಗಾದ್ರೆ ನನ್ ಕೈಲೇನೂ ಇಲ್ಲ.”

ಅವಳು ‘ಬಂದೆ’ಯನ್ನು ಅಳಿಸಿದಳು. ಆ ಜಾಗದಲ್ಲಿ, ‘ಹೊರಗೆ ಮಗು ಕರೆಯುತ್ತದೆ. ಆರೋಪಿ ಉತ್ತರಿಸುವುದಿಲ್ಲ’ ಎಂದು ಟೈಪು ಮಾಡಿದಳು. ಎರಡನೆಯ ವಾಕ್ಯವನ್ನು ಒಮ್ಮೆ ಅಳಿಸಿ, ಮತ್ತೆ ಟೈಪು ಮಾಡಿದಳು.

ಅಂದಿನಿಂದ ಅಭ್ಯಾಸ ಶುರುವಾಯಿತು. ಮನೆಯಲ್ಲಿ ಆ ದನಿ ಬಂದಾಗಲೆಲ್ಲ ಹಲ್ಲು ಕಚ್ಚಿ ‘ನನ್ನನ್ನಲ್ಲ’ ಎಂದುಕೊಳ್ಳುತ್ತಿದ್ದಳು. ಮೊದಮೊದಲು ಮೊಣಕಾಲು ತಾನಾಗಿ ಏಳುತ್ತಿತ್ತು, ಮೇಜಿನ ಅಂಚು ಹಿಡಿದು ಕೂರುತ್ತಿದ್ದಳು. ನಿಧಾನಕ್ಕೆ ಕಾಲು ಹೇಳಿದ ಮಾತು ಕೇಳಿತು, ಬಾಯಿಯೂ ಕೇಳಿತು. ದನಿ ಕರೆದು ಕರೆದು ಸೋತು ಸುಮ್ಮನಾಗುತ್ತಿತ್ತು. ಹಾಗೆ ಸುಮ್ಮನಾದಾಗ ಗೆದ್ದೆನೆನ್ನಿಸುತ್ತಿತ್ತು, ಜೊತೆಗೆ ಪಾಪ ಎಂದೂ ಅನ್ನಿಸುತ್ತಿತ್ತು.

ಕೆಲಸ ಕಾಯಂ ಆಯಿತು. ಆವತ್ತು ಮೇಡಂ ನಕ್ಕಿದ್ದನ್ನು ಕಂಡವರುಂಟು. ಅವಳು ಮನೆಗೆ ಬಂದು ಚಪ್ಪಲಿ ಬಿಟ್ಟು, ಚಹಾ ಮಾಡಿಕೊಂಡು ಅಡುಗೆಮನೆಯ ಕಿಟಕಿಯ ಬಳಿ ಕೂತಳು. ಗಂಡ ಇನ್ನೂ ಬಂದಿರಲಿಲ್ಲ. ಮೊದಲ ಗುಟುಕು ಗಂಟಲಿಗಿಳಿಯುವಷ್ಟರಲ್ಲಿ ಕೇಳಿಸಿತು.

ಅಮ್ಮಾ.

ಅವಳು ಕದಲಲಿಲ್ಲ. ಇವತ್ತೂ ಬಿಡಲಿಲ್ಲವಲ್ಲ ನೀನು ಎಂದು ನಗುವೇ ಬಂತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, ಅಮ್ಮಾ. ಈ ಸಲ ದನಿ ಯಾಕೋ ಒಡೆದಂತಿತ್ತು. ನನ್ನನ್ನಲ್ಲ ಎಂದುಕೊಂಡು ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಚಹಾ ಮುಗಿಸಿದಳು. ಮನೆ ಸ್ತಬ್ಧವಾಯಿತು.

ಮೇಜಿನ ಮೇಲಿದ್ದ ಫೋನು ಗುರ್ ಎಂದಿತು. ಪಕ್ಕದ ಕೋಣೆಯಿಂದ ಮಗನ ಮೆಸೇಜು.

‘ಎರಡ್ ಸಲ ಕರ್ದೆ. ಇರ್ಲಿ ಬಿಡಮ್ಮ.’

“ಬಂದೆ! ಬಂದೆ ಕಣೋ!” ಲೋಟ ಉರುಳಿದ್ದೂ ಅವಳಿಗೆ ತಿಳಿಯಲಿಲ್ಲ. ಓಡಿಹೋಗಿ ಬಾಗಿಲು ತಳ್ಳಿದಳು. ಮಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಬೆನ್ನು ಅದುರುತ್ತಿತ್ತೋ, ಅವಳ ಕಣ್ಣೇ ಅದುರುತ್ತಿತ್ತೋ. “ಬಂದೆ ಪುಟ್ಟಾ,” ಎಂದಳು ಮತ್ತೆ. ಅವನು ಆಗಲೇ ಕಿವಿಗೆ ಹೆಡ್‌ಫೋನು ಹಾಕಿಕೊಂಡಿದ್ದ.